ಕೈಗೆ ಸಿಗದ ಸೂಜಿಯ ತುದಿ

ಕಾನ್ವೆಂಟ್ ಶಾಲೆಯೊಂದರಲ್ಲಿ ಮೂವತ್ತೊಂದು ವರ್ಷ ನೀಡಲ್‌ವರ್ಕ್ ಕಲಿಸಿ ರಿಟೈರ್ ಆದವಳು ನಾನು. ಎರಡು ವರ್ಷದ ಹಿಂದೆ, ನನ್ನ ಅರವತ್ತೊಂಬತ್ತನೇ ವಯಸ್ಸಿನಲ್ಲಿ, ಅಟ್ಟೂರಿನಲ್ಲಿ ಕೌದಿ ಹೊಲಿಯುವ ಒಂದು ಕ್ವಿಲ್ಟಿಂಗ್ ಸ್ಟುಡಿಯೋದವರು ಕ್ವಾಲಿಟಿ ಚೆಕ್ಕಿಗೆಂದು ನನ್ನನ್ನು ಕರೆದರು. ವಾರಕ್ಕೆ ಎರಡು ದಿನದ ಕೆಲಸ.

ಸ್ಟುಡಿಯೋದ ಒಡತಿ ತನ್ವಿ, ಡಿಸೈನ್ ಓದಿದ ಹುಡುಗಿ. ಊರೆಲ್ಲ ‘ಮಿಸ್’ ಎಂದು ಕರೆಯುತ್ತಿದ್ದ ನನ್ನನ್ನು ಮೊದಲ ದಿನವೇ ‘ಆಂಟಿ’ ಎಂದಳು. ಅಲ್ಲಿಂದಾಚೆ ನಮಗಿಬ್ಬರಿಗೂ ಸರಿಹೋಗಲಿಲ್ಲ. ಕೈಕೆಲಸ ಕಲಿಸಲು ಬಾಗಲಗುಂಟೆಯಿಂದ ಯಲ್ಲವ್ವ ಬರುತ್ತಿದ್ದಳು. ಬಾದಾಮಿ ಕಡೆಯವಳು, ಹಳೇ ಸೀರೆಗಳನ್ನು ಪದರ ಪದರವಾಗಿ ಸೇರಿಸಿ ಕೌದಿ ಹೊಲಿಯುವುದರಲ್ಲಿ ಅವಳನ್ನು ಮೀರಿಸುವವರಿಲ್ಲ. ಅವಳಿಗೂ ನನ್ನನ್ನು ಕಂಡರೆ ಅಷ್ಟಕ್ಕಷ್ಟೆ. ಅವಳ ಹೊಲಿಗೆಯ ಮೇಲೆ ನಾನು ಸ್ಕೇಲ್ ಇಟ್ಟು ಅಳೆಯುತ್ತಿದ್ದೆನಲ್ಲ!

ಹಾಲಿನ ಮಧ್ಯೆ ಎರಡು ಮಂಚದಷ್ಟು ಉದ್ದದ ಕಂಪ್ಯೂಟರ್ ಮಿಷನ್ ಇತ್ತು. ಬಟ್ಟೆಯನ್ನು ಫ್ರೇಮಿಗೆ ಬಿಗಿದು ಸ್ಕ್ರೀನಿನಲ್ಲಿ ಡಿಸೈನ್ ಆರಿಸಿದರೆ, ಸೂಜಿ ತಾನೇ ಓಡಾಡಿ ಎಲ್ಲ ಪದರಗಳನ್ನೂ ಸೇರಿಸಿ ಹೊಲಿಯುತ್ತದೆ. ವರ್ಕ್‌ಶಾಪಿಗೆ ಬಂದವರು ಮನೆಯ ಹಳೇ ಬಟ್ಟೆ ತಂದು, ಯಲ್ಲವ್ವನ ಪಕ್ಕ ಕೂತು ಕೈಯಲ್ಲಿ ತುಂಡು ಜೋಡಿಸಿ ಅಂಚು ಕಟ್ಟುವುದು. ಉಳಿದ ಹೊಲಿಗೆ ಮಿಷನ್ನಿನದು.

ನನ್ನ ಕೆಲಸಕ್ಕೆ ಎರಡು ರೂಲ್ ಇದ್ದವು. ಒಂದು, ಕೌದಿಯೊಳಗೆ ಗಟ್ಟಿ ವಸ್ತು ಏನೇ ಇದ್ದರೂ ಆ ಜಾಗಕ್ಕೆ ಕೆಂಪು ದಾರ ಕಟ್ಟಿ ಮಿಷನ್ ನಡೆಸುವವರಿಗೆ ಮೊದಲೇ ಹೇಳಬೇಕು. ಎರಡು, ಸೂಜಿ ಮುರಿದರೆ ಅದರ ಎಲ್ಲ ಚೂರುಗಳನ್ನೂ ಹುಡುಕಿ ರಿಜಿಸ್ಟರಿನಲ್ಲಿ ಟೇಪ್ ಹಾಕಿ ಅಂಟಿಸಬೇಕು. ಚೂರುಗಳೆಲ್ಲ ಸೇರಿ ಪೂರ್ತಿ ಸೂಜಿಯಾದ ಮೇಲೇ ಹೊಸ ಸೂಜಿ. ಕೈಗೆ ಸಿಗದ ಚೂರು ಬಟ್ಟೆಯಲ್ಲೇ ಇದೆ ಎಂದು ತಿಳಿಯಿರಿ ಅಂತ ನನಗೆ ಕಲಿಸಿದ ಸಿಸ್ಟರ್ ಹೇಳುತ್ತಿದ್ದರು.

ಆ ಶನಿವಾರ ವಿದ್ಯಾರಣ್ಯಪುರದ ಶಾಂತಮ್ಮನವರ ಕೌದಿ ಮುಗಿಯಬೇಕಿತ್ತು. ಮೂರು ವಾರದಿಂದ ಮೊಮ್ಮಗನಿಗೆಂದು ಹೊಲಿಯುತ್ತಿದ್ದರು. ಮಾರನೇ ದಿನ ಧಾರವಾಡದಲ್ಲಿ, ಸೊಸೆಯ ತವರಿನಲ್ಲಿ, ಮಗುವಿನ ನಾಮಕರಣ. ಸಂಜೆ ಯಶವಂತಪುರದಿಂದ ರೈಲು.

“ಬೀಗರು ಬೆಳ್ಳಿ ತೊಟ್ಟಿಲನ್ನೇ ಮಾಡ್ಸಿದಾರಂತೆ ಮಿಸ್. ನನ್ ಕೈಲೇನಾಗುತ್ತೆ? ತೊಟ್ಟಿಲಿಗೆ ಹಾಸೋಕೆ ಇದೊಂದೇ” ಎಂದರು.

ಕೊನೆಯ ಮೂಲೆ ಮುಚ್ಚುವ ಮೊದಲು ಯಲ್ಲವ್ವ ಅದರೊಳಗೆ ನಾಲ್ಕು ಜೋಳದ ಕಾಳು ಹಾಕುವುದು ವಾಡಿಕೆ. “ಕೌದಿ ಹೊಟ್ಟಿ ಖಾಲಿ ಇರಬಾರದ್ರೀ ಅಮ್ಮಾರ. ನಿಮ್ಮ ಮನಿದೂ ಏನರ ಹಾಕ್ರಿ” ಎಂದಳು. ಶಾಂತಮ್ಮ ಪರ್ಸ್ ಬಿಚ್ಚಿ, ಮಗನ ಬಾಲ್ಯದ ಕಾಲ್ಗೆಜ್ಜೆಯಿಂದ ಉಳಿದಿದ್ದ ಒಂದು ಬೆಳ್ಳಿ ಮಣಿಯನ್ನು ಒಳಗೆ ತೂರಿಸಿದರು.

ನಾನು ನೋಡಿದೆ. ಕೆಂಪು ದಾರ ನನ್ನ ಡಬ್ಬಿಯಲ್ಲೇ ಇತ್ತು. ಆದರೆ ಅವತ್ತು ಬೆಳಿಗ್ಗೆ ತಾನೆ ತನ್ವಿ ಎಲ್ಲರ ಎದುರಿಗೆ, “ಆಂಟಿ, ಇದಕ್ಕೆ ಸೆನ್ಸರ್ ಇದೆ, ಕ್ಯಾಮೆರಾ ಇದೆ. ನಿಮ್ ದಾರ ಗೀರ ಎಲ್ಲ ಸ್ಕೂಲ್ ಹುಡ್ಗೀರಿಗೆ ಇಟ್ಕೊಳ್ಳಿ” ಎಂದು ನಕ್ಕಿದ್ದಳು. ಅಷ್ಟು ಬುದ್ಧಿವಂತ ಮಿಷನ್ ತಾನೇ ಕಂಡುಹಿಡಿಯಲಿ ಅಂತ ನಾನು ಬಾಯಿ ಮುಚ್ಚಿಕೊಂಡೆ.

ಮೂರು ಗಂಟೆಗೆ, ತನ್ವಿ ನಡೆಸುತ್ತಿದ್ದ ಮಿಷನ್ ಅಂಚಿನ ಕೊನೇ ಸುತ್ತು ಹೊಲಿಯುತ್ತ ಆ ಮೂಲೆಗೆ ಬಂತು. ಟಪ್ ಅಂತ ಶಬ್ದವಾಯಿತು. ಮುರಿದ ಸೂಜಿಯ ಎರಡು ಚೂರು ಸಿಕ್ಕವು. ತುದಿ, ಸಾಸಿವೆಗಿಂತ ಒಂಚೂರು ಉದ್ದ, ಎಲ್ಲೂ ಇಲ್ಲ. ಮ್ಯಾಗ್ನೆಟ್ ಹಿಡಿದು ನೆಲವೆಲ್ಲ ಉಜ್ಜಿದೆವು.

“ಮಿಷನ್ ಕೆಳಗಡೆ ಬಿಚ್ಚಿಸಿ ನೋಡು” ಎಂದೆ.

“ಕಂಪೆನಿಯವರು ಬಿಟ್ಟು ಬೇರೆಯವರು ಕೈ ಹಾಕಿದ್ರೆ ವಾರಂಟಿ ಹೋಗುತ್ತೆ. ಟೆಕ್ನಿಷಿಯನ್ ಬರೋದು ಸೋಮವಾರ” ಎಂದ ತನ್ವಿ, ಕೈಯಲ್ಲಿ ಹಿಡಿಯುವ ಮೆಟಲ್ ಡಿಟೆಕ್ಟರ್ ತಂದು ಕೌದಿಯ ಮೇಲೆ ಆಡಿಸಿದಳು. ಮೂಲೆಯಲ್ಲಿ ಮಾತ್ರ ಅದು ಕೂಗಿತು. ಶಾಂತಮ್ಮ ಮಣಿಯ ವಿಷಯ ಹೇಳಿದರು.

“ನೋಡಿದ್ರಾ? ಮಣಿಗೆ ಕೂಗ್ತಾ ಇದೆ. ಬೇರೆ ಕಡೆ ಸೈಲೆಂಟ್. ಪ್ಯಾಕ್ ಮಾಡಿ ಆಂಟಿ.”

ನಾನು ರಿಜಿಸ್ಟರಿನಿಂದ ಹಳೇ ಸೂಜಿಯೊಂದರ ತುದಿ ಕಿತ್ತು ಮೇಜಿನ ಮೇಲಿಟ್ಟೆ. “ಇದಕ್ಕೆ ಕೂಗಿಸು, ನೋಡೋಣ.”

ಡಿಟೆಕ್ಟರ್ ಸುಮ್ಮನಿತ್ತು. ಅಷ್ಟು ಸಣ್ಣ ಚೂರು ಅದಕ್ಕೆ ತಿಳಿಯುವುದೇ ಇಲ್ಲ. ತನ್ವಿಯ ಮುಖ ಕೆಂಪಾಯಿತು. “ನಿಮಗೆ ಬೇಕಾಗಿರೋದು ಸೂಜಿ ಅಲ್ಲ, ನನ್ ಮಾನ ಕಳೆಯೋದು” ಎಂದಳು.

ನಾನು ಹೊಲಿಗೆ ಬಿಚ್ಚುವ ಕತ್ತರಿ ತೆಗೆದುಕೊಂಡೆ. ಯಲ್ಲವ್ವ ನನ್ನ ಮಣಿಕಟ್ಟು ಹಿಡಿದಳು. “ಏ ಅಕ್ಕೋರ, ತುಂಬಿದ ಹೊಟ್ಟಿ ಬಿಚ್ಚತಾರೇನ್ರೀ? ಕೂಸಿಂದೈತಿ ಅದು!”

“ಕೂಸಿಂದು ಅಂತಲೇ ಬಿಚ್ಚೋದು. ಬಿಡು.”

ಶಾಂತಮ್ಮ ಮೊದಲು ಬೇಡಿಕೊಂಡರು. ಮಗುವನ್ನು ಐದೇ ನಿಮಿಷ ಮಲಗಿಸಿ ಎತ್ತಿಬಿಡುತ್ತೇವೆ ಎಂದರು. ನಾನು ಅಂಚು ಕಿತ್ತು ಪದರ ಬೇರೆ ಮಾಡತೊಡಗಿದಾಗ ಅವರ ದನಿ ಬದಲಾಯಿತು. “ಮನೇಲಿ ಒಂದು ಮಗು ಆಡಿದ್ರೆ ತಾನೇ ನಿಮಗೆ ಗೊತ್ತಾಗೋದು?”

ನಾನು ಮದುವೆಯಾಗದವಳು. ಕತ್ತರಿ ಆಡಿಸುತ್ತಲೇ ಹೋದೆ. ಮಣಿ ಬಂತು, ಜೋಳ ಬಂತು. ಒಳಗಿನ ಹತ್ತಿಯನ್ನು ಎಳೆ ಎಳೆಯಾಗಿ ಹಿಂಜಿದೆ. ಐದೂವರೆಯಾದರೂ ಸೂಜಿಯ ತುದಿ ಇಲ್ಲ. “ಆ ಚಿಂದಿ ನೀವೇ ಹೊದ್ಕೊಳ್ಳಿ” ಎಂದು ಶಾಂತಮ್ಮ ಖಾಲಿ ಬ್ಯಾಗ್ ಹಿಡಿದು ಆಟೋ ಹತ್ತಿದರು.

ಸೋಮವಾರ ತನ್ವಿಯ ಫೋನ್ ಬಂತು. “ಸಿಕ್ತು. ಮಿಷನ್ ಒಳಗೆ, ಬಾಬಿನ್ ಹತ್ರ. ಕೌದೀಲಿ ಇರ್ಲೇ ಇಲ್ಲ.”

“ರಿಜಿಸ್ಟರಿಗೆ ಅಂಟಿಸು.”

“ಅಂಟಿಸ್ತೀನಿ. ನೀವಿನ್ನು ಬರೋದು ಬೇಡ.”

ಬಿಚ್ಚಿದ್ದಕ್ಕೆ ನನಗೆ ಇವತ್ತಿಗೂ ಪಶ್ಚಾತ್ತಾಪವಿಲ್ಲ. ಕೊರೆಯುತ್ತಿದ್ದದ್ದು ಬೇರೆ. ಎರಡನೇ ರೂಲನ್ನು ಅಷ್ಟು ಜಂಬದಿಂದ ಪಾಲಿಸಿದವಳು ಮೊದಲನೆಯದನ್ನು ಬೇಕೆಂತಲೇ ನುಂಗಿಕೊಂಡಿದ್ದೆ. ಕೆಂಪು ದಾರ ಕಟ್ಟಲು ಅರ್ಧ ನಿಮಿಷ ಸಾಕಿತ್ತು. ಕಟ್ಟಿದ್ದರೆ ಸೂಜಿಯೇ ಮುರಿಯುತ್ತಿರಲಿಲ್ಲ.

ಬಿಚ್ಚಿದ ಕೌದಿಯ ತುಂಡುಗಳನ್ನೂ ಮಣಿಯನ್ನೂ ಹೊತ್ತು ಬಾಗಲಗುಂಟೆಗೆ ಹೋದೆ. ಯಲ್ಲವ್ವ ಬಾಗಿಲಲ್ಲೇ ನಿಂತು ನೋಡಿದಳು. “ನಾ ಮುಟ್ಟೂದಿಲ್ಲ. ಬಿಚ್ಚಿದ ಕೈಲೇ ಹೊಲೀರಿ” ಎಂದು ಚಾಪೆ ಎಸೆದಳು. ಒಂಬತ್ತು ದಿನ ಅವಳ ಜಗಲಿಯಲ್ಲಿ ಕೂತು ಹೊಲಿದೆ. “ನಿಮ್ಮ ಸ್ಕೇಲ್ ಎಲ್ಲಿ ಹೋತ್ರೀ ಅಕ್ಕೋರ?” ಎಂದು ದಿನಕ್ಕೆ ಹತ್ತು ಸಲ ಚುಚ್ಚಿದಳು. ಸೊಟ್ಟ ಕಂಡಲ್ಲೆಲ್ಲ ಬಿಚ್ಚಿಸಿದಳು. ಕೊನೆಯ ಮೂಲೆಗೆ ಜೋಳವನ್ನು ಮಾತ್ರ ಅವಳೇ ತಂದು ನನ್ನ ಅಂಗೈಗೆ ಸುರಿದಳು. ಕಾಳಿನ ಜೊತೆ ಮಣಿಯನ್ನೂ ಹಾಕಿ ಮುಚ್ಚಿ, ಮೇಲೆ ಕೆಂಪು ದಾರ ಕಟ್ಟಿದೆ.

ಕೌದಿ ತೆಗೆದುಕೊಂಡು ವಿದ್ಯಾರಣ್ಯಪುರಕ್ಕೆ ಹೋದಾಗ ಶಾಂತಮ್ಮ ನನ್ನನ್ನು ಒಳಗೆ ಕರೆಯಲಿಲ್ಲ. ಬಾಗಿಲಲ್ಲೇ ಕೌದಿ ಬಿಡಿಸಿ, ಅಂಗೈಯನ್ನು ಚಪ್ಪಟೆಯಾಗಿ ಇಟ್ಟು, ಒಂದು ತುದಿಯಿಂದ ಇನ್ನೊಂದು ತುದಿಗೆ ಒತ್ತಿ ಒತ್ತಿ ಸವರುತ್ತ ಹೋದರು. ಮೂವತ್ತೊಂದು ವರ್ಷ ನಾನು ಹುಡುಗಿಯರಿಗೆ ಕಲಿಸಿದ ಚೆಕ್ಕಿಂಗ್ ಅದು. ನನ್ನ ಕೆಲಸವನ್ನು ಹಾಗೆ ಚೆಕ್ ಮಾಡಿದವರು ಯಾರೂ ಇರಲಿಲ್ಲ.

ಮೂಲೆಯಲ್ಲಿ ಅವರ ಕೈ ನಿಂತಿತು. “ಇದೇನಿದು, ಕೆಂಪು ದಾರ?”

“ಒಳಗೆ ನಿಮ್ಮ ಮಣಿ ಇದೆ ಅಂತ ಗುರುತು. ಅವತ್ತು ನೀವು ಅದನ್ನ ಹಾಕಿದ್ದು ನಾನು ನೋಡಿದ್ದೆ ಶಾಂತಮ್ಮ. ಈ ದಾರ ಕಟ್ಟಿ ತನ್ವಿಗೆ ಹೇಳೋದು ನನ್ ಕೆಲಸ. ಅವಳ ಮೇಲಿನ ಸಿಟ್ಟಿಗೆ ಹೇಳ್ಲಿಲ್ಲ.”

ಅವರು ಕೌದಿಯನ್ನು ನಿಧಾನವಾಗಿ ಮಡಿಸಿ ಎದೆಗೆ ಒತ್ತಿಕೊಂಡರು.

“ಅವತ್ತೇ ಹೇಳ್ಬೇಕಿತ್ತು ಮಿಸ್” ಎಂದು ಬಾಗಿಲು ಹಾಕಿಕೊಂಡರು.

ಅಷ್ಟು ವರ್ಷದ ಕೆಲಸ ನನಗೆ ಕಲಿಸಿದ್ದಾದರೂ ಆ ಮಾತಿಗಿಂತ ಹೆಚ್ಚೇನಲ್ಲ.