ಹಿಂದಿನ ಎಡಚಕ್ರದೊಳಗೆ ನಾನು ಕಂಡದ್ದು

ನಾಗೇಶ, ಹನ್ನೆರಡು ವರ್ಷದ ಹಿಂದೆ ನಾನು ನಿನಗೆ ಕೊಟ್ಟ ಹಳೆಯ ಕಾರಿನ ಬ್ರೇಕು ಕೆಟ್ಟಿತ್ತು. ಅದು ನನಗೆ ಗೊತ್ತಿತ್ತು. ಕೊಡುವ ಹಿಂದಿನ ದಿನವೇ ಕಣ್ಣಾರೆ ಕಂಡಿದ್ದೆ — ಕಂಡೂ ಕೊಟ್ಟೆ.

ಇದನ್ನು ಬರೆಯಲು ಮೂರು ಸಲ ಕೂತು ಎದ್ದಿದ್ದೇನೆ. ಪ್ರತಿ ಸಲವೂ ಮೊದಲ ಸಾಲು ಬೇರೇನೋ ಆಗುತ್ತಿತ್ತು — ಕಾರು ಹಳೆಯದು, ನೀನು ಹೊಸಬ, ನಾನೇನು ದೇವರೇ... ನೆಪ ಹುಡುಕುವುದನ್ನು ನನಗೆ ಯಾರೂ ಹೇಳಿಕೊಡಬೇಕಿಲ್ಲ.

ಅಂದು ಆಯುಧಪೂಜೆ. ಮರುದಿನ ವಿಜಯದಶಮಿಗೆ ನೀನು ಟಾಲಿಗಂಜಿನ ನಮ್ಮ ಮನೆಗೆ ಬಂದು ಕಾರು ಒಯ್ಯುವುದೆಂದು ಮಾತಾಗಿತ್ತು. ನೀನು ಆಗಷ್ಟೇ ಕೋಲ್ಕತ್ತಾಕ್ಕೆ ಬಂದು ಇಲ್ಲಿಯ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳಲು ಸೇರಿದ್ದೆ. ಅದು ನಿನ್ನ ಮೊದಲ ಕಾರು, ಒಳ್ಳೆಯ ದಿನ ಬೇಕೆಂದು ನೀನೇ ಕೇಳಿದ್ದೆ. ನನಗೋ, ಸರ್ಕಾರಿ ವರ್ಕ್‌ಶಾಪಿನಲ್ಲಿ ಮೂವತ್ತು ವರ್ಷ ಎಂಜಿನಿಯರಾಗಿದ್ದ ಜಂಬ. ಹಿಂದಿನ ಬ್ರೇಕುಗಳನ್ನು ನಾನೇ ಬಿಚ್ಚಿ ನೋಡಿ ಕೊಡುತ್ತೇನೆಂದು ಕನ್ನಡ ಬಳಗದವರ ಮುಂದೆಲ್ಲ ಹೇಳಿಕೊಂಡಿದ್ದೆ.

ಮುಂದಿನ ಚಕ್ರಗಳಿಗೆ ಇಟ್ಟಿಗೆ ಕೊಟ್ಟು, ಹ್ಯಾಂಡ್‌ಬ್ರೇಕ್ ಬಿಟ್ಟು, ಜಾಕ್ ಏರಿಸಿ, ಹಿಂದಿನ ಚಕ್ರ ಬಿಚ್ಚಿ, ಬ್ರೇಕನ್ನು ಮುಚ್ಚಿದ ಬಟ್ಟಲಿನಂಥ ಡ್ರಮ್ಮು ಕಳಚಿದೆ. ಬಲಗಡೆ ಬರೀ ಧೂಳು. ಎಡಗಡೆಯದು ಕಚ್ಚಿಕೊಂಡಿತ್ತು, ಸುತ್ತಲೂ ತಟ್ಟಿ ತಟ್ಟಿ ಎಳೆದೆ. ಒಳಗೆ ಎರಡು ಶೂ — ಬ್ರೇಕ್ ಒತ್ತಿದಾಗ ಅಗಲಿ ಡ್ರಮ್ಮನ್ನು ಒಳಗಿನಿಂದ ಹಿಡಿಯುವ ಕಮಾನಿನಂಥ ತುಂಡುಗಳು — ಎಣ್ಣೆಯಲ್ಲಿ ನೆಂದು ಹೊಳೆಯುತ್ತಿದ್ದವು. ಅವನ್ನು ತಳ್ಳುವ ಪುಟ್ಟ ಸಿಲಿಂಡರಿನ ರಬ್ಬರು ಎತ್ತಿದರೆ ಬ್ರೇಕ್ ಆಯಿಲ್ ತೊಟ್ಟಿಕ್ಕಿತು. ಸಿಲಿಂಡರು ಬದಲಿಸಬೇಕು, ಎಣ್ಣೆ ಕುಡಿದ ಶೂ ಮತ್ತೆ ಹಿಡಿಯುವುದಿಲ್ಲ, ಎರಡೂ ಚಕ್ರಕ್ಕೆ ಹೊಸ ಜೋಡಿ ಹಾಕಬೇಕು. ವರ್ಕ್‌ಶಾಪಿನಲ್ಲಿ ಎಷ್ಟು ಜನರಿಗೆ ಈ ಪಾಠ ಹೇಳಿದ್ದೆನೋ.

ಆದರೆ ನಮ್ಮ ಆಯುಧಪೂಜೆ ಎಂದರೆ ಕೋಲ್ಕತ್ತಾಕ್ಕೆ ದುರ್ಗಾಪೂಜೆಯ ನವಮಿ. ಬಿಡಿಭಾಗದ ಅಂಗಡಿಗಳು ಮುಚ್ಚಿದ್ದವು, ನಮ್ಮ ಪಾಡಾದ, ಅಂದರೆ ಓಣಿಯ, ಗ್ಯಾರೇಜಿನ ಮಿಸ್ತ್ರಿ ಊರಿಗೆ ಹೋಗಿದ್ದ. ಹುಣ್ಣಿಮೆಯ ಲಕ್ಷ್ಮೀಪೂಜೆ ಮುಗಿಯದೆ ಯಾರೂ ಬಾಗಿಲು ತೆಗೆಯುವವರಲ್ಲ. ನಿನಗೊಂದು ಫೋನ್ ಮಾಡಿ ಒಂದು ವಾರ ತಡಿ ಎಂದಿದ್ದರೆ ಸಾಕಿತ್ತು. ನೀನು ಬೇಸರ ಕೂಡ ಪಟ್ಟುಕೊಳ್ಳುತ್ತಿರಲಿಲ್ಲ. ಆದರೆ ಇಷ್ಟು ವರ್ಷ ನಾನು ನೋಡಿಕೊಂಡ ಕಾರು, ಅದರ ಬ್ರೇಕು ಸೋರುತ್ತಿದೆ ಎಂದು ನನ್ನ ಬಾಯಿಂದಲೇ — ಆಗಲಿಲ್ಲ.

ಶೂಗಳನ್ನು ಪೆಟ್ರೋಲಿನಲ್ಲಿ ಒರೆಸಿದೆ, ಉಪ್ಪುಕಾಗದದಿಂದ ತಿಕ್ಕಿದೆ, ಕಮ್ಮಿಯಾಗಿದ್ದ ಆಯಿಲ್ ತುಂಬಿದೆ, ಎಲ್ಲ ಮುಚ್ಚಿದೆ. ಮೇಲೆ ಅರಿಸಿನ, ಕುಂಕುಮ, ಸೇವಂತಿಗೆ ಹಾರ, ಚಕ್ರದಡಿ ನಿಂಬೆಹಣ್ಣು. ದೇವರಿಗೂ ಸುಳ್ಳು ಹೇಳುತ್ತಿದ್ದೇನೆ ಅನ್ನಿಸಿತು. ಆದರೂ ಮಂಗಳಾರತಿ ಎತ್ತಿದೆ.

ಮರುದಿನ ನೀನು ಸಂಕೋಚಪಡುತ್ತಲೇ ಕೇಳಿದೆ. "ಸರ್, ಒಂದ್ಸಲ ಎಲ್ಲಾದ್ರೂ ಗ್ಯಾರೇಜಲ್ಲಿ ತೋರಿಸ್ಲಾ?"

"ನಮ್ಮೋರ ಮಧ್ಯೆ ಇದೆಲ್ಲ ಯಾಕಪ್ಪಾ? ಬ್ರೇಕ್ ನಾನೇ ಬಿಚ್ಚಿ ನೋಡಿದೀನಿ. ಕಣ್ಮುಚ್ಕೊಂಡು ಓಡ್ಸು."

ಬಿಚ್ಚಿ ನೋಡಿದ್ದು ನಿಜವೇ ತಾನೇ? ಆ ನಿಜದ ಹಿಂದೆ ಎಷ್ಟು ಸಲ ಅಡಗಿಕೊಂಡಿದ್ದೇನೋ. ಈ ಊರಿನಲ್ಲಿ ಕನ್ನಡದಲ್ಲಿ ಆಡಿದ ಮಾತು ಸುಳ್ಳಾಗಲಾರದೆಂದು ನೀನು ನಂಬಿದೆ.

ದೀಪಾವಳಿಯ ಹೊತ್ತಿನ ಕಾಳಿಪೂಜೆ ಮುಗಿದ ಮುಂದಿನ ವಾರ, ನ್ಯೂ ಟೌನ್ ಕಡೆ ಹೋಗುವಾಗ ನಿನ್ನ ಮುಂದಿದ್ದ ಬಸ್ಸು ತಟ್ಟನೆ ನಿಂತಿತು. ಅದನ್ನು ತಪ್ಪಿಸಲು ಹೋಗಿ ಕಾರು ಎಡಬದಿಯ ಕಂಬಕ್ಕೆ ಬಡಿಯಿತು. ಪಕ್ಕದಲ್ಲಿ ಕೂತಿದ್ದ ನಿನ್ನ ಹೆಂಡತಿ ಶೈಲಾಳ ಮೊಣಕಾಲು ಪುಡಿಯಾಯಿತು. ಆಸ್ಪತ್ರೆಯಲ್ಲಿ ನೀನು ನನ್ನ ಕೈ ಹಿಡಿದುಕೊಂಡು, "ಪೆಡಲ್ ಪೂರ್ತಿ ಕೆಳಗೆ ಹೋಯ್ತು ಸರ್, ಹಿಡೀಲೇ ಇಲ್ಲ. ಬ್ರೇಕಲ್ಲೇನಾದ್ರೂ..." ಎಂದೆ.

ನಾನು ನಿನ್ನ ಬೆನ್ನು ಸವರಿದೆ. "ಹೊಸಬರಿಗೆ ಹಾಗಾಗತ್ತೆ. ಗಾಬರೀಲಿ ಬ್ರೇಕು ಅಂತ ಕ್ಲಚ್ ಒತ್ತಿರ್ತೀಯ."

ಕಾರು ಕೊಟ್ಟದ್ದು ಒಂದು ತಪ್ಪು. ಇದು — ಇದನ್ನು ಏನೆನ್ನಲಿ? ತಾನು ಮೊಸರು ತಿಂದು ಮೇಕೆಯ ಬಾಯಿಗೆ ಒರೆಸಿದ ಕೋತಿಯ ಗಾದೆ ಹೇಳಿ ಮಕ್ಕಳನ್ನು ನಗಿಸುತ್ತೇವೆ. ಕಾಲು ಮುರಿದವಳ ಕೋಣೆಯ ಹೊರಗೆ ನಿಂತು ನಾನು ಅದನ್ನೇ ಮಾಡಿದೆ. ಯಾರಾದರೂ ಚಕ್ರ ಬಿಚ್ಚಿ ನೋಡುವ ಮೊದಲೇ ಕಾರನ್ನು ಗುಜರಿಗೆ ಸಾಗಿಸಿದವನೂ ನಾನೇ. "ನೀವಿದ್ದಿದ್ದಕ್ಕೆ ಬಚಾವಾದ್ವಿ ಸರ್" ಎಂದಳು ಶೈಲಾ.

ನೀನು ಮತ್ತೆ ಸ್ಟೀರಿಂಗ್ ಮುಟ್ಟಲಿಲ್ಲ. ಬಳಗದ ಯುಗಾದಿ ಊಟದಲ್ಲಿ ಎಲ್ಲರೂ ನೆಲದ ಮೇಲೆ ಸಾಲಾಗಿ ಕೂತರೆ ಶೈಲಾ ಗೋಡೆಯ ಪಕ್ಕ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರುತ್ತಾಳೆ. ಅವಳಿಗೆ ಬಡಿಸುವಾಗ ನಾನು ಪಾತ್ರೆಯನ್ನೇ ನೋಡುತ್ತಿರುತ್ತೇನೆ. ನೀನು ಆ ಕ್ಲಚ್ಚಿನ ಕಥೆಯನ್ನು ನಿನ್ನನ್ನೇ ಗೇಲಿ ಮಾಡಿಕೊಂಡು ಎಲ್ಲರಿಗೂ ಹೇಳುತ್ತೀಯೆ. ಎಲ್ಲರ ಜೊತೆ ನಾನೂ ನಕ್ಕಿದ್ದೇನೆ.

ಕಳೆದ ಭಾನುವಾರ ನಿಮ್ಮ ಮನೆಯಲ್ಲಿ ನಿನ್ನ ಮಗಳು ಮಾನಸ, "ಅಪ್ಪಾ, ಡ್ರೈವಿಂಗ್ ಕ್ಲಾಸ್ ಜಾಯಿನ್ ಆಗ್ಲಾ? ಎಲ್ಲಾ ಫ್ರೆಂಡ್ಸೂ ಕಲೀತಿದಾರೆ" ಎಂದಳು. ಅಂದು ನೀನು ನಗಲಿಲ್ಲ.

"ಬೇಡಮ್ಮಾ. ನನ್ನ ಕಾಲು ಮಾಡಿದ ತಪ್ಪಿಗೆ ನಿಮ್ಮಮ್ಮನ ಕಾಲು ಹೋಯ್ತು. ನಮ್ಮ ರಕ್ತಕ್ಕೇ ಅದು ಬರಲ್ಲ."

ಅವಳು ಒಳಗೆ ಹೋದಳು. ಇಷ್ಟು ವರ್ಷ ನೀನು ನಗುತ್ತಾ ಹೊತ್ತದ್ದೇನೆಂದು ನನಗೆ ಆಗ ತಿಳಿಯಿತು — ಇಲ್ಲ, ಇದೂ ಸುಳ್ಳು. ತಿಳಿದೇ ಇತ್ತು. ಅಂದು ನಿನ್ನ ಬಾಯಿಂದ ಕೇಳಿದೆ, ಅಷ್ಟೆ. ಚಹಾ ಮುಗಿಸಿ ಮನೆಗೆ ಬಂದೆ.

ಈ ಕಾಗದವನ್ನು ಅಂಚೆಗೆ ಹಾಕುವುದಿಲ್ಲ. ನೀವು ಮೂವರೂ ಇರುವಾಗ ನಾನೇ ತರುತ್ತೇನೆ. ಮಾನಸಳಿಗೆ ಕನ್ನಡ ಓದಲು ಬಾರದು, ಕೇಳಿದರೆ ಅರ್ಥವಾಗುತ್ತದೆ. ಅದಕ್ಕೆ ನಾನೇ ಗಟ್ಟಿಯಾಗಿ ಓದುತ್ತೇನೆ. ಕ್ಷಮೆ ಕೇಳುವ ಮುಖ ನನಗಿಲ್ಲ, ಕೇಳುವುದೂ ಇಲ್ಲ. ಎದ್ದು ಹೋಗು ಎಂದರೆ ಹೋಗುತ್ತೇನೆ. ಅದಕ್ಕೆ ಮೊದಲು ಇಷ್ಟನ್ನು ಮಗಳೆದುರಿಗೆ ಕೇಳಿಸಿಕೋ — ಅಂದು ನೀನು ಸರಿಯಾದ ಹೊತ್ತಿಗೇ ಒತ್ತಿದ್ದೆ, ನಾಗೇಶ. ಒತ್ತಿದ್ದು ಬ್ರೇಕನ್ನೇ.