ಗೀಟು ಹೊಡೆದ ಹೆಸರು

ಕೋಲಾರದ ನಮ್ಮ ಮನೆಯ ಹಜಾರದ ಕಿಟಕಿಯಲ್ಲಿ ಎರಡು ಬಳ್ಳಿಗಳಿವೆ. ಬಂದವರೆಲ್ಲ ಎರಡನ್ನೂ ಮನಿ ಪ್ಲಾಂಟ್ ಎನ್ನುತ್ತಾರೆ. ಮೂವತ್ತು ವರ್ಷ ಸಸ್ಯಶಾಸ್ತ್ರ ಬೋಧಿಸಿ ನಿವೃತ್ತನಾದ ನನಗೆ ಆಗ ಅನ್ನದಲ್ಲಿ ಕಲ್ಲು ಸಿಕ್ಕಂತಾಗುತ್ತದೆ. ನೀವೇ ನೋಡಿ: ಒಂದರ ಎಲೆ ದಪ್ಪ, ತೊಟ್ಟಿನ ಮೇಲೊಂದು ತೋಡು, ಅದು ಮನಿ ಪ್ಲಾಂಟ್. ಇನ್ನೊಂದರ ಎಲೆ ತೆಳು, ಚಿಗುರು ಪುಟ್ಟ ಪೊರೆಯೊಳಗಿಂದ ಇಣುಕುತ್ತದೆ, ಅದು ಫಿಲೋಡೆಂಡ್ರಾನ್. ಈ ಸೂಕ್ಷ್ಮವನ್ನು ನನ್ನ ಹೆಂಡತಿ ಸರೋಜಳಿಗೆ ವಿವರಿಸಿ ಸೋತು, ಕೊನೆಗೆ ಕುಂಡಗಳಿಗೆ ಚೀಟಿ ಅಂಟಿಸಿದೆ.

ಆ ಚೀಟಿಯೇ ನನ್ನ ಮಾನ ಕಳೆಯಿತು. ಮನಿ ಪ್ಲಾಂಟಿಗೆ ನಾನು ಓದುವಾಗ ಪೋಥೋಸ್ ಎಂಬ ನಾಮಧೇಯವಿತ್ತು, ಪಾಠ ಮಾಡುವಾಗ ಸಿಂಡಾಪ್ಸಸ್, ಈಗ ಎಪಿಪ್ರೆಮ್ನಮ್. ನಿಂತಲ್ಲೇ ನಿಂತ ಗಿಡಕ್ಕೆ ನನಗಿಂತ ಹೆಚ್ಚು ವರ್ಗಾವಣೆ. ಶಾಸ್ತ್ರನಿಷ್ಠೆಯಿಂದ ಚೀಟಿಯಲ್ಲಿ ಹಳೆಯ ಹೆಸರುಗಳನ್ನೂ ಬರೆದು, ಗೀಟು ಹೊಡೆದು ಕೆಳಗೆ ಹೊಸದನ್ನು ಬರೆದೆ.

ಹೋದ ತಿಂಗಳು ಬೈರಕೂರಿನಿಂದ ಸರೋಜಳ ಅಕ್ಕ ಬಳ್ಳಿಯ ಕಡ್ಡಿ ಕೇಳಲು ಬಂದರು. ಬಾಗಿಲಲ್ಲೇ ನಿಂತು, "ಲಕ್ಷ್ಮೀ, ಉನ್ನಾವಾ?" ಎಂದು ತೆಲುಗಿನಲ್ಲಿ, ಇದ್ದೀಯಾ ಎಂದು ಕೇಳುವಂತೆ, ಕರೆದರು. ಸರೋಜ ಓಡಿ ಬಂದಳು. ನಾನು ಕರೆದಾಗ ಅವಳು ಆ ವೇಗದಲ್ಲಿ ಬಂದದ್ದಿಲ್ಲ.

ಮದುವೆಗೆ ಮುಂಚೆ ಅವಳ ಹೆಸರು ಲಕ್ಷ್ಮಿ. ನನ್ನ ತಾಯಿ ಲಕ್ಷ್ಮಮ್ಮ. ಅತ್ತೆಯ ಹೆಸರು ಹಿಡಿದು ಸೊಸೆಯನ್ನು ಗದರುವುದುಂಟೇ? ಹೀಗಾಗಿ ಧಾರೆಯ ಮರುದಿನವೇ ಅವಳು ಸರೋಜಳಾದಳು. ಒಂದೇ ಹೆಸರು ಎರಡು ಗಿಡಗಳಿಗೆ ಬಿದ್ದರೆ ಆಮೇಲೆ ಬಂದದ್ದು ಬಿಟ್ಟುಕೊಡಬೇಕೆಂಬ ನಿಯಮ ಸಸ್ಯಶಾಸ್ತ್ರದಲ್ಲೂ ಇದೆಯೆಂದು ಆಗ ನಾನು ನಾಲ್ಕು ಜನ ನೆಂಟರಿಗೆ ಹೆಮ್ಮೆಯಿಂದ ವಿವರಿಸಿದ್ದೆ. ಅಮ್ಮ ತೀರಿಕೊಂಡು ಹನ್ನೊಂದು ವರ್ಷವಾಯಿತು. ಸೊಸೆಯ ಹೆಸರನ್ನು ಇನ್ನಾದರೂ ಹಿಂದಿರುಗಿಸಬಹುದೆಂದು ಯಾರಿಗೂ ಹೊಳೆಯಲಿಲ್ಲ. ಯಾರಿಗೂ ಎಂದರೆ ನನಗೆ.

ಅಕ್ಕನನ್ನು ಬಸ್ಸು ಹತ್ತಿಸಿ ಬಂದ ಸರೋಜ ಕುಂಡದ ಮುಂದೆ ನಿಂತು ಚೀಟಿ ನೋಡಿದಳು.

"ಗೀಟು ಹೊಡೆದ್ರೂ ಇದ್ರ ಹಳೇ ಹೆಸ್ರು ಓದಕ್ಕಾಗ್ತದೆ," ಎಂದಳು. "ನಂದು ಎಲ್ಲೂ ಬರ್ದೇ ಇಲ್ಲ."

ರೇಷನ್ ಕಾರ್ಡಿನಿಂದ ಹಿಡಿದು ಅವಳ ಎಲ್ಲ ಅರ್ಜಿಗಳನ್ನೂ ತುಂಬಿದ ಕೈ ನನ್ನದೇ. ನನಗೆ ನಿಜಕ್ಕೂ ನಾಚಿಕೆಯಾಯಿತು.

ಮರುದಿನ ಬೆಳಿಗ್ಗೆ ಚೊಂಬು ಹಿಡಿದು ಕಿಟಕಿಯ ಬಳಿ ನಿಂತೆ. ಅಮ್ಮನ ಹೆಸರೂ ಅದೇ ಆದ್ದರಿಂದ ನಾಲಿಗೆ ಕೊಂಚ ತಡವರಿಸಿತು. "ಲಕ್ಷ್ಮೀ," ಎಂದು ಕರೆದು, ಕುಂಡ ಯಾವುದೆಂದೂ ನೋಡದೆ ಕೇಳಿದೆ, "ಈ ಮನಿ ಪ್ಲಾಂಟಿಗೆ ನೀರು ಹಾಕ್ಲಾ?"

ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತು. ಅವಳು ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದಳು. ನನ್ನ ಮುಖ ನೋಡದೆ ಗಿಡವನ್ನೇ ನೋಡಿದಳು.

"ಅದು ಮನಿ ಪ್ಲಾಂಟಲ್ಲ, ಎಲೆ ತೆಳು ನೋಡಿ. ಫಿಲೋಡೆಂಡ್ರಾನ್," ಎಂದಳು. "ಕರೆಯೋದು ಕರೀತೀರಿ, ಹೆಸ್ರು ಸರಿಯಾಗಿ ಕರೀರಿ."