ಸಲೀಂ ಹಿಡಿದ ಕ್ಯಾಚು

ನಾನು ನಿಂತಿದ್ದ ಜಾಗವನ್ನು ಮೊದಲು ಹೇಳಿಬಿಡುತ್ತೇನೆ. ಸ್ಯಾನ್ ಫ್ರಾನ್ಸಿಸ್ಕೋದ ಬೇಸ್‌ಬಾಲ್ ಮೈದಾನ, ಮೂರನೆಯ ಬೇಸಿನ ಕಡೆ, ಪ್ರೇಕ್ಷಕರ ಮೊದಲ ಸಾಲು, ಕಬ್ಬಿಣದ ಕಂಬಿಯಿಂದ ಒಂದಡಿ ಹಿಂದೆ. ನನ್ನ ಬಲಕ್ಕೆ ಸಲೀಂ, ಅವನಾಚೆ ಅವನ ಅಬ್ಬಾ, ಅವರಾಚೆ ವಾಸಂತಿ ಅಕ್ಕ. ಮೂರು ವರ್ಷದ ಹಿಂದಿನ ಸೆಪ್ಟೆಂಬರಿನ ಒಂದು ಭಾನುವಾರ, ಮಧ್ಯಾಹ್ನ ಮೂರು ಗಂಟೆ ಹತ್ತು ನಿಮಿಷ. ಹೊತ್ತು ಇಷ್ಟು ಖಚಿತವಾಗಿ ಗೊತ್ತಿರುವುದಕ್ಕೆ ಕಾರಣ, ಎಲ್ಲರೂ ಆಟ ನೋಡುತ್ತಿದ್ದಾಗ ನಾನು ಫೋನಿನಲ್ಲಿ ಅಂಕ ನೋಡುತ್ತಿದ್ದದ್ದು.

ಇದನ್ನು ಈಗ ಬರೆಯಲು ಕಾರಣ ನಿನ್ನೆ ಫ್ರೀಮಾಂಟಿನಲ್ಲಿ, ಸಲೀಮನ ಮನೆಯ ಟಿವಿಯ ಪಕ್ಕ ಕಂಡ ಚೆಂಡು. ಗಾಜಿನ ಡಬ್ಬಿಯಲ್ಲಿ ಕೂತಿದೆ. ಅದನ್ನು ಯಾರಾದರೂ ಒಂದು ಸಲ ತಿರುಗಿ ನೋಡಿದರೆ ಸಾಕು, ಸಲೀಂ ಕಥೆ ಶುರುಮಾಡುತ್ತಾನೆ. ಪ್ರತಿ ವರ್ಷ ಆ ಕಥೆಯಲ್ಲಿ ಚೆಂಡು ಇನ್ನಷ್ಟು ಮೇಲಿನಿಂದ ಬೀಳುತ್ತದೆ, ಫೀಲ್ಡರ್ ಹತ್ತಡಿ ದೂರ ಸರಿಯುತ್ತಾನೆ. ನಿನ್ನೆ ಆ ಪಾಪದವನು ಮೈದಾನದ ಮಧ್ಯಕ್ಕೇ ಹೋಗಿಬಿಟ್ಟಿದ್ದ.

ನಮ್ಮದು ಎಂಟು ಮಂದಿಯ ಫ್ಯಾಂಟಸಿ ಲೀಗು. ಎಂದರೆ, ಮಾರ್ಚಿನಲ್ಲಿ ಒಂದು ದಿನ ಸೇರಿ ಉಪ್ಪಿಟ್ಟು ತಿನ್ನುತ್ತಾ, ಬೇರೆ ಬೇರೆ ತಂಡಗಳಲ್ಲಿ ನಿಜವಾಗಿ ಆಡುವ ಆಟಗಾರರನ್ನು ಒಬ್ಬೊಬ್ಬರನ್ನಾಗಿ ಆರಿಸಿಕೊಂಡು, ಅವರು ನಮ್ಮವರೆಂದು ನಂಬುವುದು. ಅವರು ಎಲ್ಲೋ ಚೆನ್ನಾಗಿ ಆಡಿದರೆ ನಮಗಿಲ್ಲಿ ಅಂಕ. ವಾರಕ್ಕೊಬ್ಬ ಎದುರಾಳಿ. ಕ್ರಿಕೆಟ್ಟಿಗೆ ಮೋಸ ಮಾಡಿದಂತೆ ಮೊದಮೊದಲು ನಾಚಿಕೆಯಾಗಿತ್ತು. ಆಮೇಲೆ ನಾನು ಆಫೀಸಿನ ಮೀಟಿಂಗಿನಲ್ಲಿ ಯಾವನದೋ ಮೊಣಕೈ ನೋವಿನ ಸುದ್ದಿ ಓದಿ ನಿಟ್ಟುಸಿರಿಡುವ ಮಟ್ಟಕ್ಕೆ ಬಂದೆ. ಲೀಗಿನ ಯಜಮಾನಿಕೆ ಉಡುಪಿಯ ವಾಸಂತಿ ಅಕ್ಕನದು. ಅವರ ಮಾತೇ ಕೊನೆ.

ಸೀಸನ್ನಿನ ಕೊನೆಗೆ ನಾಲ್ಕು ಮಂದಿ ಮಾತ್ರ ಮುಂದಿನ ಸುತ್ತಿಗೆ ಹೋಗುತ್ತಾರೆ. ಸಲೀಂ ಆರು ವರ್ಷ ಆಡಿ ಒಮ್ಮೆಯೂ ಹೋಗಿರಲಿಲ್ಲ. ಆ ಭಾನುವಾರ ವಾರದ ಕೊನೆಯ ದಿನ, ಅವನ ಎದುರಾಳಿ ನಾನು, ಉಳಿದಿದ್ದ ಸ್ಥಾನ ಒಂದೇ. ಅವನು ನನಗಿಂತ ತುಸು ಮುಂದಿದ್ದ. ಎದುರಿಗೆ ಚೆಂಡೆಸೆಯುತ್ತಿದ್ದ ಹೊರಗಿನ ತಂಡದ ಪಿಚರ್ ಅವನ ಲೆಕ್ಕದವನು. ಬ್ಯಾಟು ಹಿಡಿದು ನಿಂತ ಊರಿನ ತಂಡದವನು ನನ್ನ ಲೆಕ್ಕದವನು.

“ಇವನೊಬ್ಬ ಔಟಾದ್ರೆ ನಾನು ಗೆದ್ದಂಗೆ, ಮಗಾ,” ಎಂದ ಸಲೀಂ.

ಮೈಸೂರಿನಿಂದ ಬಂದಿದ್ದ ಅಬ್ಬಾ ಮೂವತ್ತು ವರ್ಷ ಅಲ್ಲಿನ ಲೀಗ್ ಕ್ರಿಕೆಟ್ಟಿನಲ್ಲಿ ಅಂಪೈರ್ ಆಗಿದ್ದವರು. ಬೆನ್ನು ನೆಟ್ಟಗೆ ಮಾಡಿ ಕೂತು, ಪ್ರತಿ ಎಸೆತಕ್ಕೂ ಮನಸ್ಸಿನಲ್ಲೇ ತೀರ್ಪು ಕೊಡುತ್ತಿದ್ದರು.

ಆಗ ನನ್ನ ಬ್ಯಾಟ್ಸ್‌ಮನ್ ಹೊಡೆದದ್ದು ನೇರ ಆಕಾಶಕ್ಕೆ ಹೋಯಿತು. ಬಿಸಿಲಿನಲ್ಲಿ ಮಾಯವಾಗಿ, ಮತ್ತೆ ಕಂಡು, ನಮ್ಮ ತಲೆಯ ಮೇಲೇ ಇಳಿಯತೊಡಗಿತು. ಕೈಯಲ್ಲಿದ್ದ ಬೆಳ್ಳುಳ್ಳಿ ಫ್ರೈಸಿನ ತಟ್ಟೆಯನ್ನು ನಾನು ತಲೆಗೆ ಅಡ್ಡ ಹಿಡಿದೆ. ಆದರೂ ತಟ್ಟೆಯ ಅಂಚಿನ ಕೆಳಗಿನಿಂದ ಎಲ್ಲವೂ ಸ್ಪಷ್ಟವಾಗಿ ಕಂಡಿತು. ಹೊರಗಿನ ತಂಡದ ಫೀಲ್ಡರ್ ಓಡಿಬಂದು ಕಂಬಿಗೆ ಹೊಟ್ಟೆ ಒತ್ತಿ, ಗ್ಲೌಸು ಅಗಲಿಸಿ ನಮ್ಮ ಕಡೆ ಚಾಚಿದ. ಅದರ ಮೇಲೆ ಸರಿಯಾಗಿ ಒಂದು ಗೇಣು ಎತ್ತರದಲ್ಲಿ ಸಲೀಮನ ಎರಡು ಬರಿ ಅಂಗೈಗಳು ಬಂದವು. ಚಪ್ ಎಂದು ಶಬ್ದ. ಚೆಂಡು ಸಲೀಮನಲ್ಲಿತ್ತು.

ಮೈದಾನವೇ ಎದ್ದು ಕೂಗಿತು. ಹೊರಗಿನವನ ಕೈಯಿಂದ ಚೆಂಡು ಕಸಿದು ಊರಿನ ಆಟಗಾರನನ್ನು ಉಳಿಸಿದ ವೀರನಲ್ಲವೇ! ದೊಡ್ಡ ಪರದೆಯ ಮೇಲೆ ಸಲೀಮನ ಮುಖ ಬಂತು. ಅಬ್ಬಾ ಮಾತ್ರ ಗಂಭೀರವಾಗಿ ಕೇಳಿದರು: “ಔಟಾ?”

“ಇಲ್ಲ ಅಬ್ಬಾ, ಫೀಲ್ಡರ್ ಹಿಡಿದ್ರೆ ಮಾತ್ರ ಔಟು. ನೋಡೋಕೆ ಬಂದ ನಾವು ಹಿಡಿದ್ರೆ ಔಟಿಲ್ಲ,” ಎಂದ ಸಲೀಂ.

“ಅಷ್ಟು ಚೆನ್ನಾಗಿ ಹಿಡಿದ ಮೇಲೂ?”

ಮುಂದಿನ ಎಸೆತವನ್ನೇ ನನ್ನ ಬ್ಯಾಟ್ಸ್‌ಮನ್ ಬೇಲಿಯಾಚೆ ಹೊಡೆದ. ನಾನು ಕುಣಿದೆ, ಅದನ್ನು ಒಪ್ಪಿಕೊಳ್ಳುತ್ತೇನೆ. ಹಿಂದಿನ ಸಾಲಿನ ಅಪರಿಚಿತರು ಸಲೀಮನನ್ನು ಅಪ್ಪಿಕೊಂಡು ಬೆನ್ನು ತಟ್ಟಿದರು. ಅವನು ಚೆಂಡು ಹಿಡಿದುಕೊಂಡು, ಅವರ ಅಪ್ಪುಗೆಯೊಳಗಿನಿಂದ ನನ್ನನ್ನು ನೋಡುತ್ತಿದ್ದ. ವಾಸಂತಿ ಅಕ್ಕ ಫೋನಿನಲ್ಲಿ ಅಂಕ ನೋಡಿ ಹಣೆ ಚಚ್ಚಿಕೊಂಡರು. “ಎಂತ ಮಾಡಿದ್ದು ಮಾರಾಯ ನೀನು! ಈ ವರ್ಷವೂ ಹೋಯ್ತಲ್ಲ!”

ಆಟ ಮುಗಿದು ಸಲೀಂ ಕಾರು ತರಲು, ವಾಸಂತಿ ಅಕ್ಕ ನೀರು ತರಲು ಹೋದಾಗ ಅಬ್ಬಾ ನನ್ನನ್ನು ಕೇಳಿದರು: “ನೀನು ಪಕ್ಕದಲ್ಲೇ ಇದ್ದೆಯಪ್ಪ. ಇವನು ಬಿಟ್ಟಿದ್ರೆ ಆ ಹುಡುಗನಿಗೆ ಸಿಗ್ತಿತ್ತಾ?”

ಒಂದು ಗೇಣು ಎನ್ನಬೇಕಿತ್ತು. ಮಗ ತನ್ನನ್ನು ತಾನೇ ಸೋಲಿಸಿಕೊಂಡ ಎಂದು ತಂದೆಗೆ ಹೇಳುವುದು ಹೇಗೆ? ಅದೂ, ಅದರಿಂದಲೇ ಗೆದ್ದ ನಾನು?

“ಇಲ್ಲ ಅಬ್ಬಾ. ಅವನು ದೂರ ಇದ್ದ.”

“ಹಂಗಾದ್ರೆ ಸರಿ,” ಎಂದರು.

ಸಲೀಮನ ಕಥೆಯಲ್ಲಿ ಆ ಫೀಲ್ಡರ್ ದೂರ ಸರಿಯತೊಡಗಿದ್ದು ಅಂದಿನಿಂದ. ಪ್ರತಿ ಸಲ ಅದನ್ನು ಕೇಳುವಾಗಲೂ ನಾನು ಬೇರೆ ಕಡೆ ನೋಡುತ್ತಿದ್ದೆ. ಆ ಮನುಷ್ಯನನ್ನು ಮೊದಲು ತಳ್ಳಿದವನು ನಾನೇ ತಾನೆ.

ಹೋದ ಚಳಿಗಾಲದಲ್ಲಿ ಅಬ್ಬಾ ಮೈಸೂರಿನಲ್ಲಿ ತೀರಿಕೊಂಡರು. ನಿನ್ನೆ ಲೀಗಿನ ಈ ವರ್ಷದ ಆಟಗಾರರ ಆಯ್ಕೆ ಮುಗಿದ ಮೇಲೆ, ಅಡುಗೆಮನೆಯಲ್ಲಿ ಸಲೀಂ ಟೀ ಸೋಸುತ್ತಿದ್ದಾಗ ಹೇಳಿಬಿಟ್ಟೆ.

“ಸಲೀಂ, ಆ ಫೀಲ್ಡರ್ ದೂರ ಇರ್ಲಿಲ್ಲ ಕಣೋ. ಅಬ್ಬಾಗೆ ನಾನು ಸುಳ್ಳು ಹೇಳಿದ್ದೆ.”

ಅವನು ಸೋಸುವುದನ್ನು ನಿಲ್ಲಿಸಲಿಲ್ಲ. “ಗೊತ್ತು ಬಿಡೋ. ಗ್ಲೌಸಿನ ಚರ್ಮದ ವಾಸನೆ ಮೂಗಿಗೆ ಹೊಡೀತಿತ್ತು.”

“ಮತ್ತೆ ಯಾಕೆ ಹಿಡಿದೆ?”

“ಅಬ್ಬಾ ನೋಡ್ತಾ ಕೂತಿದ್ರಲ್ಲೋ. ಬಾಲ್ ಬರ್ತಿದೆ. ಲೀಗು ಗೀಗು ಅಂತ ಕೈ ಹಿಂದಕ್ಕೆ ಎಳ್ಕೊಳ್ಳಕ್ಕಾಗತ್ತಾ?” ಲೋಟ ನನ್ನ ಕಡೆ ತಳ್ಳಿದ. “ಅವರಿಗೂ ಗೊತ್ತಿತ್ತು. ಅವತ್ತು ನಿನ್ನನ್ನ ಮನೆ ಹತ್ರ ಇಳಿಸಿದ ಮೇಲೆ ಕಾರಲ್ಲಿ ಏನಂದ್ರು ಗೊತ್ತಾ? ನಿನ್ನ ದೋಸ್ತ್ ಒಳ್ಳೆ ಮನುಷ್ಯ, ಆದ್ರೆ ಅಂಪೈರಿಂಗಿಗೆ ಮಾತ್ರ ಕರೀಬೇಡ ಅಂತ.”

ನಕ್ಕು ನಕ್ಕು ಟೀ ಚೆಲ್ಲಿಕೊಂಡೆ. ಮೂರು ವರ್ಷ ನಾನು ಹೊತ್ತು ತಿರುಗಿದ್ದ ಸುಳ್ಳನ್ನು ಅಬ್ಬಾ ಅವತ್ತೇ ಇಳಿಸಿಟ್ಟಿದ್ದರು. ನನಗೆ ಹೇಳಿರಲಿಲ್ಲ, ಅಷ್ಟೆ. ಇನ್ನು ಸಲೀಂ ಆ ಫೀಲ್ಡರನನ್ನು ಸಮುದ್ರದಾಚೆಗೆ ಕಳಿಸಿದರೂ ನಾನು ತಲೆಯಾಡಿಸುತ್ತೇನೆ. ಇಲ್ಲಿ ಮಾತ್ರ ದೂರವನ್ನು ಸರಿಯಾಗಿ ಬರೆದಿಟ್ಟಿದ್ದೇನೆ: ಒಂದು ಗೇಣು. ಅನುಮಾನವಿದ್ದವರು ಕೇಳಬಹುದು. ಹತ್ತಿರದಿಂದ ಕಂಡು ಇನ್ನೂ ಇರುವವರು ಸಲೀಂ, ವಾಸಂತಿ ಅಕ್ಕ, ನಾನು.